ನಮ್ಮವರು ಅಂದ್ರೆ ಯಾರಪ್ಪ?

‘ಮೈಸೂರು’ ಅಂತ ಎಲ್ಲಿ ಕಂಡರೂ ಪುಣೆಯಲ್ಲಿ ಕೂತ ನಮ್ಮಂಥವರ ಕಣ್ಣು ಅಲ್ಲೇ ನಿಲ್ಲುತ್ತದೆ. ಹೋದ ತಿಂಗಳು ಹತ್ತು ವರ್ಷದ ಮಗನಿಗೆ ಪುಸ್ತಕ ಹುಡುಕುವಾಗ ಸಿಕ್ಕಿದ್ದು ‘ದಿ ಟೈಗರ್ ಆಫ್ ಮೈಸೂರ್’. 1896ರ ಕಾದಂಬರಿ, ಹಕ್ಕುಸ್ವಾಮ್ಯ ಯಾವಾಗಲೋ ಮುಗಿದಿದೆ, ಇ-ಪುಸ್ತಕ ಪುಕ್ಕಟೆ. ಇಳಿಸಿಕೊಂಡೆ. ಬರೆದವನು ಜಿ. ಎ. ಹೆಂಟಿ.

ಹೆಂಟಿಯ ಬದುಕೇ ಒಂದು ಸಾಹಸದ ಕಥೆ. 1832ರಲ್ಲಿ ಕೇಂಬ್ರಿಜ್ ಹತ್ತಿರ ಹುಟ್ಟಿದ. ಬಾಲ್ಯದಲ್ಲಿ ಕಾಯಿಲೆಯಿಂದ ಹಾಸಿಗೆ ಹಿಡಿದು, ಕೈಗೆ ಸಿಕ್ಕಿದ್ದನ್ನೆಲ್ಲ ಓದಿದ. ಕಾಲೇಜು ಅರ್ಧಕ್ಕೆ ಬಿಟ್ಟು ಕ್ರಿಮಿಯಾ ಯುದ್ಧಕ್ಕೆ ಹೋದ. ಅಲ್ಲಿಂದ ಮನೆಗೆ ಬರೆದ ಕಾಗದಗಳನ್ನು ಅಪ್ಪ ಪತ್ರಿಕೆಯೊಂದಕ್ಕೆ ತೋರಿಸಿದ, ಅವು ಅಚ್ಚಾದವು. ಮುಂದೆ ಯುದ್ಧ ವರದಿಗಾರನಾಗಿ ಇಟಲಿ, ಅಬಿಸೀನಿಯಾ ಎಲ್ಲ ಸುತ್ತಿದ. ರಾತ್ರಿ ಊಟವಾದ ಮೇಲೆ ತನ್ನ ಮಕ್ಕಳಿಗೆ ಕಥೆ ಹೇಳುತ್ತ ಹೇಳುತ್ತ ಮಕ್ಕಳ ಲೇಖಕನಾದ. 1902ರಲ್ಲಿ ತೀರಿಕೊಳ್ಳುವ ಹೊತ್ತಿಗೆ ನೂರಕ್ಕೂ ಹೆಚ್ಚು ಪುಸ್ತಕ ಬರೆದಿದ್ದ. ಹೆಚ್ಚಿನವುಗಳ ಅಚ್ಚು ಒಂದೇ: ಒಬ್ಬ ಗಟ್ಟಿಗ ಹುಡುಗ, ಒಂದು ನಿಜವಾದ ಯುದ್ಧ, ವೇಷ ಮರೆಸಿಕೊಂಡು ಶತ್ರುವಿನ ನಾಡಿಗೆ ಪ್ರವೇಶ, ಕೊನೆಗೆ ಗೆಲುವು.

ನಮ್ಮ ಮೈಸೂರಿನ ಕಥೆಯಲ್ಲಿ ಆ ಹುಡುಗ ಡಿಕ್. ಹಡಗಿನ ಕಪ್ತಾನನಾಗಿದ್ದ ಅಪ್ಪ ಟಿಪ್ಪುವಿನ ಸೆರೆಯಲ್ಲಿರಬಹುದು ಎಂಬ ಆಸೆಯಿಂದ ಇಂಗ್ಲೆಂಡಿನಿಂದ ಹುಡುಕಿಕೊಂಡು ಬರುತ್ತಾನೆ.

ಹಳೆಯ ಇಂಗ್ಲಿಷ್ ಮಗನಿಗೆ ಕಷ್ಟ. ಹಾಗಾಗಿ ಆಫೀಸಿನ ರಾತ್ರಿ ಕಾಲ್‌ಗಳು ಮುಗಿದ ಮೇಲೆ ನಾನೇ ಓದಿಕೊಂಡು ಕನ್ನಡದಲ್ಲಿ ಹೇಳತೊಡಗಿದೆ. ಕಥೆ ಓಡುತ್ತಿತ್ತು. 1791ರ ಮಾರ್ಚ್, ಕಾರ್ನ್‌ವಾಲಿಸನ ಸೈನ್ಯ ಬೆಂಗಳೂರಿಗೆ ಮುತ್ತಿಗೆ ಹಾಕಿದೆ. ನಾನೂ ಹುರುಪಿನಲ್ಲಿ, “ನಮ್ಮವರು ಕೋಟೆ ಒಳಗೆ ನುಗ್ಗಿಬಿಟ್ರು!” ಅಂದೆ.

ಮಗ ಎದ್ದು ಕೂತ. “ಅಪ್ಪ, ಅದು ಚಾಮರಾಜಪೇಟೆ ಅಜ್ಜಿ ಮನೆ ಹತ್ರದ ಕೋಟೆ ಅಲ್ವಾ?”

“ಹೌದು.”

“ಹಾಗಾದ್ರೆ ನಮ್ಮವರು ಒಳಗಿದ್ರಾ, ಹೊರಗಿದ್ರಾ?”

ನನ್ನ ಹತ್ತಿರ ಉತ್ತರವಿರಲಿಲ್ಲ. ಟಿಪ್ಪು ಒಳ್ಳೆಯವನೋ ಕೆಟ್ಟವನೋ ಎಂಬ ಜಗಳಕ್ಕೆ ನಾನು ಹೋಗುವುದಿಲ್ಲ, ಅದಕ್ಕೆ ವಾಟ್ಸಾಪ್ ಗುಂಪುಗಳಿವೆ. ನನ್ನನ್ನು ಕಾಡಿದ್ದೇ ಬೇರೆ. ಹೆಂಟಿ ಇತಿಹಾಸದ ಪುಸ್ತಕಗಳನ್ನು ಗುಡ್ಡೆ ಹಾಕಿಕೊಂಡು ಬರೆಯುತ್ತಿದ್ದ. ಆತನ ಇಸವಿ, ಕೋಟೆ, ದಂಡು ಹೋದ ದಾರಿಗಳಿಗೆ ನಾನು ತಕರಾರು ತೆಗೆಯುತ್ತಿಲ್ಲ. ಆದರೆ ಓದುವ ಹುಡುಗನನ್ನು ಎಲ್ಲಿ ನಿಲ್ಲಿಸಬೇಕೆಂದು ಮೊದಲೇ ನಿರ್ಧರಿಸಿರುತ್ತಾನೆ. ಡಿಕ್‌ನ ಹೆಗಲ ಮೇಲಿಂದ ನೋಡುತ್ತ ನೋಡುತ್ತ, ನನಗೇ ಗೊತ್ತಾಗದೆ ನಾನು ಕೋಟೆಯ ಹೊರಗೆ ಹೋಗಿ ನಿಂತಿದ್ದೆ. ಇಂಗ್ಲೆಂಡಿನಲ್ಲೇ ಈ ದಾರಿ ಬಿಟ್ಟು ಬರೆದವರಿದ್ದಾರೆ. ಜೆಫ್ರಿ ಟ್ರೀಸ್ 1934ರಲ್ಲಿ ರಾಬಿನ್ ಹುಡ್ ಕಥೆಯನ್ನು ಒಡೆಯರ ವಿರುದ್ಧ ಬಡವರು ನಡೆಸಿದ ಹೋರಾಟವಾಗಿ ಮಕ್ಕಳಿಗೆ ಹೇಳಿದ.

ಪುಸ್ತಕ ಮುಚ್ಚಿಡೋಣ ಅನ್ನಿಸಿತು. ಮಗ ಬಿಡಬೇಕಲ್ಲ! ಸರಿ, ಮರುದಿನ ಡಿಕ್‌ನ ಜೊತೆ ಇನ್ನಿಬ್ಬರು ಹುಡುಗರ ಕಥೆಯನ್ನೂ ಹೇಳಿದೆ. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟು, 3 ಕೋಟಿ 30 ಲಕ್ಷ ರೂಪಾಯಿ ಕೊಡಲು ಒಪ್ಪಬೇಕಾಯಿತು. ಹಣ ತೀರುವವರೆಗೆ ಒತ್ತೆಯಾಗಿ ಹೋದವರು ಆತನ ಇಬ್ಬರು ಮಕ್ಕಳು. ಅಬ್ದುಲ್ ಖಾಲಿಕ್‌ಗೆ ಸುಮಾರು ಹತ್ತು ವರ್ಷ, ಮುಯಿಜುದ್ದೀನ್‌ಗೆ ಎಂಟು. ಕಾರ್ನ್‌ವಾಲಿಸ್ ಆ ಮಕ್ಕಳನ್ನು ಬರಮಾಡಿಕೊಳ್ಳುವ ದೃಶ್ಯವನ್ನು ರಾಬರ್ಟ್ ಹೋಮ್ ಮುಂತಾದವರು ದೊಡ್ಡ ದೊಡ್ಡ ಚಿತ್ರಗಳಾಗಿ ಬರೆದರು. ಅಪ್ಪನನ್ನು ಹುಡುಕಿಕೊಂಡು ಬಂದ ಹುಡುಗನ ಕಾದಂಬರಿಯ ಹಿಂದಿರುವ ಅದೇ ಯುದ್ಧ, ಈ ಇಬ್ಬರನ್ನು ಅಪ್ಪನಿಂದ ದೂರ ಮಾಡಿ ಮದ್ರಾಸಿಗೆ ಕಳಿಸಿತ್ತು.

ಮಗ ಸುಮ್ಮನೆ ಕೇಳಿಸಿಕೊಂಡ. ನನ್ನ ಕೈ ಮಾತ್ರ ಹಿಡಿದುಕೊಂಡಿದ್ದ.

“ವಾಪಸ್ ಬಂದ್ರಾ?”

“ಎರಡು ವರ್ಷ ಆದ ಮೇಲೆ, 1794ರಲ್ಲಿ. ದೇವನಹಳ್ಳಿಗೆ ಕರಕೊಂಡು ಬಂದು ಅಪ್ಪನಿಗೆ ಒಪ್ಪಿಸಿದ್ರು.”

“ನಾವು ವಿಮಾನ ಇಳಿಯೋ ದೇವನಹಳ್ಳೀನಾ?”

“ಅದೇ.”

ಸ್ವಲ್ಪ ಹೊತ್ತು ಏನೋ ಯೋಚಿಸಿದ. ಆಮೇಲೆ, “ನಾಳೆ ಅವರಿಬ್ಬರ ಕಥೆನೇ ಹೇಳಪ್ಪ. ಡಿಕ್ ಆಮೇಲೆ ಬರಲಿ,” ಅಂದ.