ಕೊಟ್ಟ ಅನ್ನ, ಇಳಿಯದ ತುತ್ತು

ನುಂಗುವುದು ಒಂದು ವಿದ್ಯೆಯೆಂದು ನಮ್ಮಲ್ಲಿ ಯಾರೂ ಎಣಿಸುವುದಿಲ್ಲ. ರಾಗಿಮುದ್ದೆಯನ್ನು ಮುರಿದು, ಸಾರಿನಲ್ಲಿ ಹೊರಳಿಸಿ, ಹಲ್ಲಿಗೆ ಸೋಂಕಿಸದೆಯೇ ಗಂಟಲಿಗಿಳಿಸುವವನಿಗೆ, ಆ ಕ್ಷಣದಲ್ಲಿ ತುಟಿ, ನಾಲಗೆ, ಅಂಗುಳ, ಗಂಟಲುಗಳ ಸ್ನಾಯುಗಳೆಲ್ಲವೂ ಒಂದರ ಬೆನ್ನಿಗೊಂದು ಕ್ರಮ ತಪ್ಪದೆ ದುಡಿದುವೆಂದಾಗಲಿ, ಉಸಿರು ತಾನಾಗಿ ತಡೆದು ನಿಂತು ಶ್ವಾಸನಾಳದ ಬಾಯಿ ಮುಚ್ಚಿತೆಂದಾಗಲಿ, ತುತ್ತು ಗಂಟಲನ್ನು ದಾಟಿದ್ದು ಸುಮಾರು ಒಂದು ಸೆಕೆಂಡಿನಲ್ಲಿಯೇ ಎಂದಾಗಲಿ ತಿಳಿಯಬೇಕಾದ ಪ್ರಮೇಯವೇ ಬರುವುದಿಲ್ಲ. ಇಷ್ಟು ಸೂಕ್ಷ್ಮವಾದ ಈ ವ್ಯವಸ್ಥೆಯು ಎಳವೆಯಿಂದಲೇ ಕ್ರಮ ತಪ್ಪಿರುವ ಮಕ್ಕಳು ನಮ್ಮ ನಡುವೆ ಇದ್ದಾರೆ. ಅವರ ಹಸಿವನ್ನು ಕುರಿತು ಸಮಾಜವೂ ಸರ್ಕಾರವೂ ಆಲೋಚಿಸುವ ರೀತಿಯಲ್ಲಿಯೇ ಒಂದು ಮೂಲಭೂತ ನ್ಯೂನತೆಯಿದೆಯೆಂಬುದು ನನ್ನ ಅಭಿಪ್ರಾಯ. ಮಗುವಿಗೆ ಕೊಟ್ಟ ಆಹಾರಕ್ಕೆ ನಾವು ಲೆಕ್ಕವಿಡುತ್ತೇವೆ. ಅದರ ಹೊಟ್ಟೆಗಿಳಿದುದೆಷ್ಟೆಂದು ಕೇಳುವುದಿಲ್ಲ.

ಸೆರೆಬ್ರಲ್ ಪಾಲ್ಸಿಗೆ ಒಳಗಾದ ಮಗುವಿನ ಸ್ನಾಯುಗಳು ಕೆಲವೊಮ್ಮೆ ಬಿಗಿದುಕೊಂಡು, ಚಮಚವು ಹಲ್ಲಿಗೆ ತಾಗಿದೊಡನೆ ದವಡೆಯು ಅದನ್ನು ಕಚ್ಚಿ ಹಿಡಿದು ಬಿಡದಂತಾಗುತ್ತದೆ. ಇದು ಮಗುವಿನ ಇಚ್ಛೆಯಿಂದ ಆದುದಲ್ಲ. ಡೌನ್ ಸಿಂಡ್ರೋಮ್ ಇರುವ ಮಗುವಿನಲ್ಲಿ ಸ್ನಾಯುಗಳು ಸಡಿಲವಾಗಿದ್ದು, ನಾಲಗೆಯು ಮುಂದಕ್ಕೆ ಚಾಚಿ ಬಾಯಿಗಿಟ್ಟ ಅನ್ನವನ್ನು ಹೊರದೂಡುವುದುಂಟು. ಅವಧಿಗೆ ಬಹಳ ಮುಂಚೆ ಜನಿಸಿದ ಶಿಶುವಿಗೆ ಹೀರುವುದು, ನುಂಗುವುದು, ಉಸಿರಾಡುವುದು ಎಂಬ ಮೂರನ್ನೂ ಹೊಂದಿಸಿಕೊಳ್ಳುವ ಶಕ್ತಿಯೇ ಆಗ ಪಕ್ವವಾಗಿರುವುದಿಲ್ಲ. ಆಟಿಸಂ ಇರುವ ಬಾಲಕನಾದರೋ ಗಂಟಲಿನಲ್ಲಿ ಯಾವ ದೋಷವೂ ಇಲ್ಲದೆ, ಆಹಾರದ ಬಣ್ಣ, ವಾಸನೆ, ಸ್ಪರ್ಶಗಳನ್ನು ತಾಳಲಾರದೆ, ಎರಡು ಮೂರು ತಿನಿಸುಗಳನ್ನುಳಿದು ಬೇರೇನನ್ನೂ ಮುಟ್ಟದಿರಬಹುದು. ಕಾರಣಗಳು ಇಷ್ಟು ಭಿನ್ನವಾಗಿದ್ದರೂ ನೆಂಟರಿಷ್ಟರ ಬಾಯಲ್ಲಿ ಬರುವ ತೀರ್ಪು ಮಾತ್ರ ಒಂದೇ: ‘ಅದಕ್ಕೆ ಹಟ, ಅವಳು ಮುದ್ದು ಮಾಡಿ ಕೆಡಿಸಿದ್ದಾಳೆ.’

ಆ ತೀರ್ಪನ್ನು ಕೇಳಿ ನೊಂದ ತಾಯಿಯು ಮಾಡುವುದಾದರೂ ಏನು? ಕಾಲು ನೀಡಿ ಕುಳಿತು, ಮಗುವನ್ನು ಕಾಲುಗಳ ಮೇಲೆ ಅಂಗಾತ ಮಲಗಿಸಿ, ಅದರ ತಲೆಯನ್ನು ಹಿಂದಕ್ಕೆ ವಾಲಿಸಿ, ಅತ್ತೆಯೋ ತಾಯಿಯೋ ತೋರಿಸಿಕೊಟ್ಟಂತೆ ಒಳಲೆಯಲ್ಲಿ ತೆಳ್ಳಗಿನ ಗಂಜಿಯನ್ನು ತುಂಬಿ ಬಾಯೊಳಗೆ ಸುರಿಯುತ್ತಾಳೆ. ಮಗು ಕೆಮ್ಮುತ್ತದೆ, ನೆತ್ತಿಗೇರಿತೆಂದು ನೆತ್ತಿಯನ್ನು ತಟ್ಟಿ, ಯಾರೋ ನೆನೆಸಿಕೊಂಡರೆಂದು ಸಮಾಧಾನಪಟ್ಟು ಮತ್ತೆ ಸುರಿಯುತ್ತಾಳೆ. ತಲೆಯನ್ನು ಹಿಂದಕ್ಕೆ ಚೆಲ್ಲಿದಾಗ ಶ್ವಾಸನಾಳದ ಮಾರ್ಗವು ತೆರೆದುಕೊಳ್ಳುತ್ತದೆಂದೂ, ತೆಳುವಾದ ದ್ರವವು ಗಂಟಲು ಸಿದ್ಧವಾಗುವ ಮೊದಲೇ ಹರಿದುಹೋಗುತ್ತದೆಂದೂ, ಕೆಮ್ಮು ಮಗುವಿನ ಪ್ರಾಣರಕ್ಷಣೆಯ ಪ್ರಯತ್ನವೆಂದೂ ಅವಳಿಗೆ ಹೇಳಿದವರಿಲ್ಲ. ಕೆಮ್ಮುವ ಮಗುವಿನ ಸ್ಥಿತಿಯಾದರೂ ಕಣ್ಣಿಗೆ ಕಾಣುವಂಥದು. ಆಹಾರವು ಶ್ವಾಸಕೋಶಕ್ಕಿಳಿದರೂ ಕೆಮ್ಮದೆಯೇ ಸುಮ್ಮನಿರುವ ಮಕ್ಕಳೂ ಉಂಟು, ಅಪಾಯವು ಅವರಿಗೇ ಹೆಚ್ಚು. ಅಂತಹ ಮಗುವಿಗೆ ಮೇಲಿಂದ ಮೇಲೆ ನ್ಯುಮೋನಿಯಾ ಬರುತ್ತದೆ; ಪ್ರತಿಸಲವೂ ಔಷಧಿ ದೊರೆಯುತ್ತದೆಯೇ ಹೊರತು, ಅದು ಉಣ್ಣುವ ಬಗೆಯನ್ನು ಕಣ್ಣಾರೆ ನೋಡುವವರು ವಿರಳ.

ಇದಕ್ಕೆ ಬೇಕಾದ ಪ್ರಾಥಮಿಕ ತಿಳಿವಳಿಕೆಯು ದುಬಾರಿಯಾದುದೇನಲ್ಲ. ಮಗುವನ್ನು ಬೆನ್ನು ನೆಟ್ಟಗಾಗುವಂತೆ ಕೂರಿಸಿ, ಪಾದಗಳಿಗೆ ಆಧಾರ ಕೊಟ್ಟು, ತಲೆಯು ಎದೆಯ ಕಡೆಗೆ ಕಿಂಚಿತ್ತು ಬಾಗುವಂತೆ ನೋಡಿಕೊಳ್ಳುವುದು. ಎದುರಿಗೆ, ಮಗುವಿನ ಕಣ್ಣಿನ ಮಟ್ಟದಲ್ಲಿಯೇ ಕುಳಿತು ಉಣಿಸುವುದು. ದವಡೆಯು ಬಿಗಿಹಿಡಿಯುವ ಮಗುವಿಗೆ ಲೋಹದ ಚಮಚವನ್ನು ಬಿಟ್ಟು ಆಳವಿಲ್ಲದ ಮೃದುವಾದ ಚಮಚವನ್ನು ಬಳಸುವುದು. ಒಂದು ತುತ್ತು ಇಳಿದುದನ್ನು ಖಚಿತಪಡಿಸಿಕೊಂಡ ಮೇಲೆಯೇ ಇನ್ನೊಂದನ್ನು ಕೊಡುವುದು: ಇವು ಬಡವರ ಮನೆಯಲ್ಲಿಯೂ ಸಾಧ್ಯವಾಗತಕ್ಕ ಕ್ರಮಗಳೇ. ಆಹಾರದ ಹದದ ವಿಷಯದಲ್ಲಿ ಐ.ಡಿ.ಡಿ.ಎಸ್.ಐ. ಎಂಬ ಅಂತರರಾಷ್ಟ್ರೀಯ ಕ್ರಮವೊಂದಿದ್ದು, ನೀರಿನಂತಹ ದ್ರವವನ್ನು ಸೊನ್ನೆಯೆಂದೂ ಸಾಮಾನ್ಯ ಊಟವನ್ನು 7 ಎಂದೂ ಇಟ್ಟುಕೊಂಡು ಒಟ್ಟು ಎಂಟು ಮಟ್ಟಗಳನ್ನು ಗುರುತಿಸುತ್ತದೆ. ಅದರ ಪರೀಕ್ಷೆಗಳು ಅಡಿಗೆಮನೆಯಲ್ಲಿಯೇ ಆಗುವಂಥವು: ನಾಲ್ಕನೆಯ ಮಟ್ಟಕ್ಕೆ ಬಂದ ರಾಗಿಸರಿಯು ಚಮಚದಲ್ಲಿ ಆಕಾರ ಕೆಡದೆ ನಿಲ್ಲಬೇಕು, ಚಮಚವನ್ನು ಓರೆ ಮಾಡಿದರೆ ಇಡಿಯಾಗಿ ಜಾರಿ ಬೀಳಬೇಕು, ಅಂಟಿಕೊಳ್ಳಲೂ ಬಾರದು, ತೊಟ್ಟಿಕ್ಕಲೂ ಬಾರದು. ನಾವು ಹಗುರವಾದ ಊಟವೆಂದು ನಂಬಿರುವ ತಿಳಿಸಾರಿನ ಅನ್ನವೇ ಇಂತಹ ಎಷ್ಟೋ ಮಕ್ಕಳಿಗೆ ಕಠಿನವಾದುದು; ಏಕೆಂದರೆ ಅದರಲ್ಲಿ ನೀರು ಮುಂದೋಡುತ್ತದೆ, ಅಗುಳು ಹಿಂದುಳಿಯುತ್ತದೆ, ಮಗುವು ಎರಡನ್ನೂ ಏಕಕಾಲದಲ್ಲಿ ನಿಭಾಯಿಸಬೇಕಾಗುತ್ತದೆ.

ಹಾಗೆಂದು, ಯಾವ ಮಗುವಿಗೆ ಯಾವ ಹದ, ಯಾವ ಭಂಗಿ ಎಂಬುದನ್ನು ಊಹೆಯಿಂದ ನಿರ್ಧರಿಸಲಾಗದು. ಊಟ ಬಲ್ಲವನನ್ನೂ ಮಾತು ಬಲ್ಲವನನ್ನೂ ನಮ್ಮ ಗಾದೆಯು ಒಟ್ಟಿಗೇ ಹೆಸರಿಸಿದೆ. ದೇಹದಲ್ಲಿಯೂ ಇವೆರಡಕ್ಕೆ ಸಾಧನವಾದ ತುಟಿ, ನಾಲಗೆ, ಗಂಟಲುಗಳು ಅವೇ ಆಗಿರುವುದರಿಂದ, ನುಂಗುವಿಕೆಯ ತೊಂದರೆಯನ್ನು ಪರೀಕ್ಷಿಸಿ ಅಭ್ಯಾಸಗಳನ್ನು ಕಲಿಸುವ ಹೊಣೆಯು ವಾಕ್ ಚಿಕಿತ್ಸಕರ ಮೇಲೆ ಬಿದ್ದಿದೆ. ಆಹಾರವು ಶ್ವಾಸಕೋಶಕ್ಕಿಳಿಯುತ್ತಿದೆಯೇ ಎಂಬುದನ್ನು ಎಕ್ಸ್‌ರೇ ಚಲಚ್ಚಿತ್ರದ ಮೂಲಕ ನೋಡುವ ವಿಧಾನವುಂಟು. ಬಾಯಿಯ ಮೂಲಕ ಉಣಿಸುವುದೇ ಅಪಾಯಕರವಾದಾಗ ಹೊಟ್ಟೆಗೆ ನೇರವಾಗಿ ಕೊಳವೆಯನ್ನು ಇಡುವುದೂ ಉಂಟು. ಅದನ್ನು ತಾಯಿಯ ಸೋಲೆಂದು ಭಾವಿಸುವುದು ತರವಲ್ಲ. ಮಗುವಿಗೆ ಶಕ್ತಿ ಬಂದು, ಊಟದ ಹೊತ್ತಿನ ಭಯವು ಕಳೆದರೆ, ರುಚಿಗಾಗಿ ನಾಲಗೆಗೆ ಒಂದಿಷ್ಟು ಮುಟ್ಟಿಸುವ ಅವಕಾಶವು ಎಷ್ಟೋ ಮಕ್ಕಳಿಗೆ ಆಗಲೂ ಉಳಿದಿರುತ್ತದೆ.

ಈ ವಿದ್ಯೆಯಲ್ಲಿ ನಮ್ಮ ನಾಡು ಹಿಂದುಳಿದಿಲ್ಲ; ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು 1965ರಲ್ಲಿಯೇ ಸ್ಥಾಪಿತವಾದುದು. ಆದರೆ ಬೀದರ್ ಜಿಲ್ಲೆಯ ಹಳ್ಳಿಯೊಂದರ ಕೂಲಿಕಾರ್ತಿಗೆ ಮೈಸೂರು ರಾತ್ರಿಯಿಡೀ ಪ್ರಯಾಣದ ದೂರ, ಪ್ರತಿ ಭೇಟಿಯೂ ಹಲವು ದಿನಗಳ ಕೂಲಿಯ ನಷ್ಟ. ಮಕ್ಕಳ ಬೆಳವಣಿಗೆಯ ಕುಂಠಿತವನ್ನೂ ಬೇಗನೆ ಗುರುತಿಸಲೆಂದು 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಆರಂಭವಾಗಿದ್ದು, ಜಿಲ್ಲಾಮಟ್ಟದಲ್ಲಿ ಶೀಘ್ರ ಚಿಕಿತ್ಸಾ ಕೇಂದ್ರಗಳ ಏರ್ಪಾಡೂ ಅದರಲ್ಲಿ ಸೇರಿದೆ. ಅದಕ್ಕಿಂತ ಹತ್ತಿರದಲ್ಲಿ ಅಂಗನವಾಡಿಯಿದೆ. ಅಂಗವಿಕಲರಿಗಾಗಿಯೇ ನೇಮಿಸಿದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಪಂಚಾಯಿತಿ ಮಟ್ಟದಲ್ಲಿದ್ದಾರೆ. ಆದರೂ ನಡೆಯುವುದೇನೆಂದರೆ, ಇಂತಹ ಮಗುವಿನ ತೂಕ ಕುಸಿದಾಗ ಅದರ ಹೆಸರು ಅಪೌಷ್ಟಿಕತೆಯ ಪಟ್ಟಿಗೆ ಸೇರುತ್ತದೆ, ಇನ್ನಷ್ಟು ಪೌಷ್ಟಿಕ ಆಹಾರವು ಮಂಜೂರಾಗುತ್ತದೆ, ಆ ಪೊಟ್ಟಣವು ಮನೆಯನ್ನು ಸೇರಿದೊಡನೆ ಕರ್ತವ್ಯವು ಮುಗಿದಂತಾಗುತ್ತದೆ. ಕೊರತೆಯಿರುವುದು ಧಾನ್ಯದಲ್ಲಲ್ಲ, ನುಂಗುವಿಕೆಯಲ್ಲಿ ಎಂಬುದನ್ನು ಗುರುತಿಸಲು ಆ ಪಟ್ಟಿಯಲ್ಲಿ ಒಂದು ಅಂಕಣವೂ ಇರಬೇಡವೇ?

ಆದುದರಿಂದ ಅಂಗನವಾಡಿಯಲ್ಲಿ ತೂಕ ನೋಡುವ ದಿನ ತಾಯಿಯನ್ನು ಮೂರು ಪ್ರಶ್ನೆಗಳನ್ನು ಕೇಳುವುದು ಕಡ್ಡಾಯವಾಗಲಿ: ಒಂದು ಹೊತ್ತಿನ ಊಟಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಹಿಡಿಯುತ್ತದೆಯೇ? ಉಣ್ಣುವಾಗ ಕೆಮ್ಮು ಬರುವುದೋ, ದನಿಯು ಗೊರಗೊರ ಎನ್ನುವುದೋ ಉಂಟೇ? ಎದೆಯ ಸೋಂಕು ಮರುಕಳಿಸುತ್ತಿದೆಯೇ? ಯಾವುದೊಂದಕ್ಕೆ ಹೌದೆಂಬ ಉತ್ತರ ಬಂದರೂ ಆ ಮಗುವನ್ನು ಜಿಲ್ಲಾ ಕೇಂದ್ರದ ವಾಕ್ ಚಿಕಿತ್ಸಕರ ಬಳಿಗೆ ಕಳಿಸತಕ್ಕದ್ದು, ಪ್ರಯಾಣದ ವೆಚ್ಚವನ್ನೂ ಸರ್ಕಾರವೇ ಭರಿಸತಕ್ಕದ್ದು. ಚಿಕಿತ್ಸಕರು ಹೇಳಿಕೊಟ್ಟುದು ಮನೆಯಲ್ಲಿ ನಡೆಯುತ್ತಿದೆಯೇ ಎಂದು ನೋಡಿ ಬರುವ ತರಬೇತಿಯನ್ನು ಪುನರ್ವಸತಿ ಕಾರ್ಯಕರ್ತರಿಗೆ ಕೊಡಬೇಕು. ಶಾಲೆಗಳಲ್ಲಿ ಬಿಸಿಯೂಟ ಬಡಿಸುವ ಅಕ್ಷರ ದಾಸೋಹದ ಅಡಿಗೆಯವರಿಗೆ ಅದೇ ಅನ್ನ, ಅದೇ ಸಾಂಬಾರನ್ನು ಒಬ್ಬ ಬಾಲಕನಿಗಾಗಿ ನುಣ್ಣಗೆ ಅರೆದು ಹದಗೊಳಿಸುವುದನ್ನು ಕಲಿಸಬೇಕು.

ಈಗಾಗಲೇ ಬೆಟ್ಟದಷ್ಟು ಕೆಲಸವನ್ನು ಹೊತ್ತಿರುವ, ಅದಕ್ಕೆ ತಕ್ಕ ವೇತನವನ್ನೂ ಕಾಣದ ಅಂಗನವಾಡಿ ಕಾರ್ಯಕರ್ತೆಯ ಮೇಲೆ ಇನ್ನೊಂದು ಭಾರವೇ ಎಂಬ ಆಕ್ಷೇಪವು ನ್ಯಾಯವಾದುದು. ಅವಳಿಂದ ಚಿಕಿತ್ಸೆಯನ್ನು ಅಪೇಕ್ಷಿಸತಕ್ಕದ್ದಲ್ಲ. ಪ್ರಶ್ನೆ ಕೇಳಿ ಚೀಟಿ ಬರೆದುಕೊಟ್ಟರೆ ಅವಳ ಪಾಲಿನ ಹೊಣೆ ಮುಗಿಯಬೇಕು. ಆ ಚೀಟಿಯನ್ನು ಹಿಡಿದು ಬಂದ ತಾಯಿಗೆ ಜಿಲ್ಲಾ ಕೇಂದ್ರದಲ್ಲಿ ಖಾಲಿ ಕುರ್ಚಿಯು ಕಾಣಬಾರದು. ಆದಕಾರಣ, ಮಂಜೂರಾದ ವಾಕ್ ಚಿಕಿತ್ಸಕರ ಹುದ್ದೆಗಳನ್ನು ಖಾಲಿ ಬಿಡದೆ ತುಂಬುವುದು ಈ ಕ್ರಮಗಳಲ್ಲೆಲ್ಲ ಮೊದಲನೆಯದಾಗತಕ್ಕದ್ದು.