ಕಿಲ್ಸ್ ಎಣಸೂದು ಬಿಡ್ರಿ, ಹಿಲ್ ಒಳಗ ಬರ್ರಿ

ಭಾಗ 1/6

ಮೊದಲನೇ ಫೋಟೋ ನೋಡ್ರಿ. ನಂದ ಸ್ಕ್ರೀನ್‌ಶಾಟ್. ಕಾಲ್ ಆಫ್ ಡ್ಯೂಟಿ ಮೊಬೈಲ್, ಹಾರ್ಡ್‌ಪಾಯಿಂಟ್, 34 ಕಿಲ್ಸ್. ಹೋದ ತಿಂಗಳು ಸ್ಟೋರಿಗೆ ಹಾಕಿದ್ದೆ, ನೀವೆಲ್ಲಾ ಬೆಂಕಿ ಇಮೋಜಿ ಕಳಿಸಿದ್ರಿ. ಅವತ್ತು ಕ್ರಾಪ್ ಮಾಡಿ ತೆಗದಿದ್ದ ಮ್ಯಾಲಿನ ಭಾಗ ಎರಡನೇ ಫೋಟೋದಾಗ ಐತಿ: ಎದುರಿನವರು 150, ನಾವು 141. ಸೋತಿದ್ವಿ.

ಅದ ಮ್ಯಾಚ್‌ನ್ಯಾಗ ನಮ್ಮ ಇನ್ನೊಬ್ಬ ದೋಸ್ತಂದು 9 ಕಿಲ್ಸ್, 21 ಸಲ ಸತ್ತಿದ್ದ. ಅವನ ಹೆಸರಿನ ಸುತ್ತ ಕೆಂಪು ಗೆರಿ ಹೊಡದು "ಇಂವಾ ಯಾರ ಟೀಮ್‌ನ್ಯಾಗ ಆಡಾಕತ್ತಾನ?" ಅಂತ ಗ್ರೂಪಿಗೆ ಹಾಕಿದವನೂ ನಾನ. ಎಲ್ಲಾರೂ ನಕ್ರಿ. ಅಂವಾ ಏನೂ ಅನ್ನಲಿಲ್ಲ. ಮರುದಿನ ಗ್ರೂಪಿನಿಂದ ಹೊರಗ ಹೋದ, ಗೇಮ್ ತೆಗದ ಹಾಕಿದ. ಈಗ ಕಣಗಲಾದಿಂದ ಕಾಲೇಜಿಗೆ ಹೋಗೋ ಬಸ್ಸಿನ್ಯಾಗ ನಮ್ಮನ್ನ ಬಿಟ್ಟು ಹಿಂದಿನ ಸೀಟಿಗೆ ಹೋಗಿ ಕುಂದರ್ತಾನ.

ಈ ಆರು ಪೋಸ್ಟ್ ಅದಕ್ಕ ಬರೆಯಾಕತ್ತೀನಿ. ಸಿಟ್ಟು ಬಂದ್ರೂ ಪೂರ್ತಿ ಓದ್ರಿ.

ಭಾಗ 2/6

ಆ ಮ್ಯಾಚಿನ ಸ್ಕ್ರೀನ್ ರೆಕಾರ್ಡಿಂಗ್ ನನ್ನ ಹತ್ರ ಇತ್ತು. ನನ್ನ ಕಿಲ್ಸ್ ಕಟ್ ಮಾಡಿ ರೀಲ್ ಮಾಡೂಣು ಅಂತ ತೆರೆದೆ. ನೋಡ್ತಾ ನೋಡ್ತಾ ನಾಚಿಕಿ ಬಂತು.

ಆಡದೇ ಇರೋರಿಗೆ ನಿಯಮ ಹೇಳ್ತೀನಿ. ಹಾರ್ಡ್‌ಪಾಯಿಂಟ್ ಅಂದ್ರ ಮ್ಯಾಪ್‌ನ್ಯಾಗ ಒಂದು ಜಾಗ ಇರತೈತಿ, ಅದಕ್ಕ ಹಿಲ್ ಅಂತೀವಿ. ಅದರೊಳಗ ನಮ್ಮವರು ಅಷ್ಟ ಇದ್ರ ಸೆಕೆಂಡಿಗೆ ಒಂದು ಪಾಯಿಂಟ್. ಎರಡೂ ಕಡೆಯವರು ಒಳಗಿದ್ರ ಯಾರಿಗೂ ಇಲ್ಲ. ಸ್ವಲ್ಪ ಹೊತ್ತಿಗೆ ಆ ಜಾಗ ಬದಲಾಗತೈತಿ. ಕೊಂದದ್ದಕ್ಕ ಟೀಮಿಗೆ ಒಂದು ಪಾಯಿಂಟೂ ಇಲ್ಲ.

ಇಡೀ ಮ್ಯಾಚ್‌ನ್ಯಾಗ ನಾ ಹಿಲ್ ಒಳಗ ಇದ್ದದ್ದು 38 ಸೆಕೆಂಡ್. ಎರಡು ಸಲ ಎಣಿಸಿದೆ. ನಮ್ಮ ಸ್ಕೋರ್ ಏರಿದಾಗೆಲ್ಲಾ ಮಿನಿಮ್ಯಾಪ್‌ನ್ಯಾಗ ಹಿಲ್ ಮ್ಯಾಲ ಕಾಣೋ ಬಾಣ ಹೆಚ್ಚು ಕಡಿಮಿ ಒಬ್ಬನ್ದ. 21 ಸಲ ಸತ್ತವನ್ದು.

ಒಂದು ಕಡೆ ಅಂವಾ ಮೈಕ್‌ನ್ಯಾಗ ಒದರಾಕತ್ತಾನ: "ಲೇ, ಇಬ್ಬರು ಬಂದಾರ, ಒಳಗ ಬಾರೋ." ನಾನು ಆಗ ಅರ್ಧ ಸತ್ತ ಒಬ್ಬನ ಬೆನ್ನ ಹತ್ತಿ ಮ್ಯಾಪಿನ ಮೂಲಿಗೆ ಓಡಾಕತ್ತಿದ್ದೆ. 22 ಸೆಕೆಂಡ್ ಓಡಿ ಹೊಡದೆ. ಅಷ್ಟರಾಗ ನಮ್ಮವ ಸತ್ತ, ಹಿಲ್ ಅವರದಾತು.

ನಾವು ಸೋತದ್ದು 9 ಪಾಯಿಂಟಿನಿಂದ. 9 ಪಾಯಿಂಟ್ ಅಂದ್ರ 9 ಸೆಕೆಂಡ್. ಲೆಕ್ಕ ನೀವ ಮಾಡ್ರಿ.

ಭಾಗ 3/6

ಹಾರ್ಡ್‌ಪಾಯಿಂಟ್ ಅಷ್ಟ ಅಲ್ಲ. ಡಾಮಿನೇಷನ್‌ನ್ಯಾಗ ಎ, ಬಿ, ಸಿ ಮೂರು ಧ್ವಜ. ಎರಡು ಹಿಡದ್ರ ಪಾಯಿಂಟ್ ತಾನ ಏರತೈತಿ. ನಮ್ಮ ಹುಡುಗೂರು ಒಂದ ಧ್ವಜ ಹಿಡದು, ಉಳಿದ ಹೊತ್ತೆಲ್ಲಾ ಸ್ನೈಪರ್ ಹಿಡಕೊಂಡು ಮನಿ ಮ್ಯಾಲ ಮಲಗಿರ್ತಾರ.

ಸರ್ಚ್ ಆ್ಯಂಡ್ ಡಿಸ್ಟ್ರಾಯ್‌ನ್ಯಾಗ ಬಾಂಬ್ ಇಟ್ಟ ಮ್ಯಾಲ ನಾವು ಐದೂ ಮಂದಿ ಸತ್ರೂ ರೌಂಡ್ ಮುಗಿಯೂದಿಲ್ಲ. ಅವರು ಅದನ್ನ ಡಿಫ್ಯೂಸ್ ಮಾಡಬೇಕು, ಇಲ್ಲಂದ್ರ ರೌಂಡ್ ನಮ್ಮದು. ಸತ್ತವರೂ ಗೆಲ್ಲೋ ಆಟ ಇದು. ಬಾಂಬ್ ಬೆನ್ನಿಗೆ ಕಟಗೊಂಡು ಕಿಲ್ಸ್ ಹುಡಕ್ಯಾಡೋರಿಗೆ ಏನನ್ನೂಣು?

ನಮ್ಮೂರ ಜಾತ್ರ್ಯಾಗ ಕಬಡ್ಡಿ ನೋಡೀರಲ್ಲ. ರೇಡರ್ ಮೂರು ಮಂದೀನ ಮುಟ್ಟಿದ, ಆದ್ರ ನಡುಗೆರಿ ಮುಟ್ಟೂಕಿಂತ ಮೊದಲ ಸಿಕ್ಕಬಿದ್ದ. ಎಷ್ಟು ಪಾಯಿಂಟ್? ಸೊನ್ನೆ. ಮ್ಯಾಲ ಎದುರಿನವರಿಗೆ ಒಂದು. ಅಲ್ಲಿ ಯಾರಾದ್ರೂ "ಆದ್ರೂ ಮೂರು ಮಂದೀನ ಮುಟ್ಟಿದ್ನಲ್ಲ" ಅಂತ ಅವನಿಗೆ ಹಾರ ಹಾಕತಾರೇನು? ಫೋನ್ ಕೈಯಾಗ ಬಂದ ಕೂಡ್ಲೆ ಈ ಬುದ್ಧಿ ಎಲ್ಲಿ ಹೋಗತೈತಿ?

ಬಿಕಾಂ ಮಂದಿಗೆ ಒಂದ ಮಾತು: ಸೇಲ್ಸ್ ಭಾರಿ ಐತಿ, ಕೆಳಗ ನಿವ್ವಳ ನಷ್ಟ. ಅಂಥಾ ಅಂಗಡಿಗೆ ನೀವು ಬೆಂಕಿ ಇಮೋಜಿ ಹಾಕಾಕತ್ತೀರಿ.

ಭಾಗ 4/6

"ದೊಡ್ಡ ಪ್ಲೇಯರ್‌ಗಳು ಕಿಲ್ಸ್‌ನಿಂದನ ಹೆಸರು ಮಾಡ್ಯಾರ" ಅಂತೀರಿ. ಹಂಗಾದ್ರ ಇದನ್ನ ಕೇಳ್ರಿ.

ಆಗಸ್ಟ್ 2013, ಅಮೆರಿಕದ ಸಿಯಾಟಲ್. ಡೋಟಾ 2 ಆಟದ ಅತಿ ದೊಡ್ಡ ಟೂರ್ನಿ, ದಿ ಇಂಟರ್‌ನ್ಯಾಷನಲ್. ಫೈನಲ್‌ನಲ್ಲಿ ಸ್ವೀಡನ್ನಿನ ಅಲಯನ್ಸ್, ಉಕ್ರೇನಿನ ನಾವಿ. ಎರಡೂ ತಂಡ 2-2. ಐದನೇ ಆಟ ಗೆದ್ದವರಿಗೆ 14 ಲಕ್ಷ ಡಾಲರಿಗೂ ಹೆಚ್ಚು ಬಹುಮಾನ. ಡೋಟಾದಲ್ಲಿ ಗೆಲ್ಲೋ ದಾರಿ ಒಂದೇ: ಎದುರಿನವರ ಮುಖ್ಯ ಕಟ್ಟಡ, ಏನ್ಷಿಯಂಟ್, ಒಡೀಬೇಕು.

ಅಲಯನ್ಸ್‌ನವರು ಒಂದೇ ಕಡೆ ಗುಂಪಾಗಿ ಕಾದಾಡೂದು ಬಿಟ್ಟು, ಬೇರೆ ಬೇರೆ ದಾರಿಯಿಂದ ನಾವಿಯ ಕಟ್ಟಡ ಒಡೀತಾ ಬಂದ್ರು. ಮನಿ ಉಳಿಸಾಕ ನಾವಿಯ ಇಬ್ಬರು ಟೆಲಿಪೋರ್ಟ್ ಹಚ್ಚಿದಾಗ, ಅಲಯನ್ಸಿನ ಎಸ್‌ಫೋರ್ ಅನ್ನೋ ಆಟಗಾರ ಒಂದೇ ಏಟಿಗೆ ಇಬ್ಬರ ಟೆಲಿಪೋರ್ಟೂ ಮುರಿದ. ಅಷ್ಟರೊಳಗ ಅವನ ಜೊತೆಗಾರರು ಕೆಲಸ ಮುಗಿಸಿದ್ರು. ಆ ಏಟಿಗೆ ಇವತ್ತಿಗೂ "ಮಿಲಿಯನ್ ಡಾಲರ್ ಡ್ರೀಮ್ ಕಾಯ್ಲ್" ಅಂತಾರ. ಹೆಸರು ಬಂದದ್ದು ಕೊಂದದ್ದಕ್ಕಲ್ಲ. ಹೋಗೋರನ್ನ ಹೋಗಗೊಡಲಿಲ್ಲ, ಅದಕ್ಕ.

ಭಾಗ 5/6

ಈಗ ನಿಮ್ಮ ಕಮೆಂಟು ನಾನ ಬರೀತೀನಿ: "ಹೊಡೀದ ಹಿಲ್ ಹೆಂಗ ಹಿಡಿಯೂದೋ?"

ಖರೇ ಐತಿ. ಹೊಡೀಬೇಕು. ಕಬ್ಬು ಕಡೀದ ಟ್ರ್ಯಾಕ್ಟರ್ ತುಂಬೂದಿಲ್ಲ. ಆದ್ರ ಫ್ಯಾಕ್ಟರಿ ಬಿಲ್ ಕೊಡೂದು ಕಾಟಾ ಮ್ಯಾಲೆ ತೂಗಿದ ಕಬ್ಬಿಗೆ. ಕಡದು ಹೊಲದಾಗ ಬಿಟ್ಟ ಕಬ್ಬಿಗಲ್ಲ. ಹಿಲ್ ಕಡೆ ಬರೋವನನ್ನ ಹೊಡದ್ರ ಅದು ಕೆಲಸ. ಹಿಲ್ ಬಿಟ್ಟು ಓಡೋವನ ಬೆನ್ನ ಹತ್ತಿದ್ರ ಅದು ಚಟ.

ಐದೂ ಮಂದಿ ಹಿಲ್ ಒಳಗ ತುಂಬಿಕೊಳ್ರಿ ಅಂತಾನೂ ಅನ್ನಂಗಿಲ್ಲ. ಒಂದು ಗ್ರೆನೇಡಿಗೆ ಎಲ್ಲಾರೂ ಹೋಗ್ತೀರಿ. ಹಿಂಗ ಮಾಡ್ರಿ:

• ಇಬ್ಬರು ಹಿಲ್ ಒಳಗ, ಬೇರೆ ಬೇರೆ ಮೂಲ್ಯಾಗ.
• ಇಬ್ಬರು ಎದುರಿನವರು ಬರೋ ದಾರಿ ಕಾಯ್ರಿ.
• ಒಬ್ಬ ಹಿಂದಿರ್ರಿ. ಸತ್ತವರು ಹತ್ರ ಹುಟ್ಟೂದು ಅವನಿಂದ.
• ಎದುರಿನವರು ಹುಟ್ಟೋ ಜಾಗದೊಳಗ ನುಗ್ಗಬ್ಯಾಡ್ರಿ. ನೀವು ಅಲ್ಲಿ ಹೊಕ್ಕರ ಅವರು ನಮ್ಮ ಬೆನ್ನ ಹಿಂದ ಹುಟ್ಟತಾರ.
• ಹಿಲ್ ಬದಲಾಗಾಕ 15 ಸೆಕೆಂಡ್ ಇದ್ದಾಗ ಒಬ್ಬಿಬ್ಬರು ಮುಂದಿನ ಜಾಗಕ್ಕ ಹೋಗ್ರಿ. ಆಮ್ಯಾಲ ಹೋದ್ರ ಅವರು ಮೊದಲ ಕುಂತಿರ್ತಾರ.

ಇದಕ್ಕೂ ಮನಸಿಲ್ಲಂದ್ರ ಟೀಮ್ ಡೆತ್‌ಮ್ಯಾಚ್ ಆಡ್ರಿ. ಅಲ್ಲಿ ಕಿಲ್ಲ ಪಾಯಿಂಟ್. ಯಾರೂ ಬ್ಯಾಡ ಅನ್ನಂಗಿಲ್ಲ.

ಭಾಗ 6/6

ಕಡೇ ಮಾತು. ಎದುರಿನವರು ಎಲ್ಲಿ ಗುಂಡು ಹೊಡೀತಾರ? ಹಿಲ್ ಒಳಗ. ಅಲ್ಲಿ ನಿಲ್ಲೋವನ ಹೆಚ್ಚು ಸಾಯ್ತಾನ. ನಮ್ಮ 141ರಾಗ ಬಹುಪಾಲು ಅವನ 21 ಸಾವಿನಿಂದ ಬಂದದ್ದು, ಅವನ್ನ ನೋಡಿ ನಾವು ನಕ್ವಿ. ನನ್ನ 34ಕ್ಕ ಚಪ್ಪಾಳಿ ಹೊಡದ್ವಿ. ಟೀಮ್‌ನ್ಯಾಗ ಖರೇ ಕೆಲಸ ಮಾಡೋವನನ್ನ ನಾವ ಓಡಿಸಿದ್ವಿ. ಅವನ ಜಾಗಕ್ಕ ಬಂದವನೂ ಈಗ ಕಿಲ್ಸ್ ಹುಡಕತಾನ. ಯಾಕಂದ್ರ ನಮ್ಮ ಗ್ರೂಪ್‌ನ್ಯಾಗ ಏನಕ್ಕ ಮರ್ಯಾದಿ ಐತಿ ಅಂತ ಅಂವಾ ನೋಡ್ಯಾನ.

ಆದ್ದರಿಂದ ಇವತ್ತಿನಿಂದ ನಾ ಸ್ಕ್ರೀನ್‌ಶಾಟ್ ಹಾಕಿದ್ರ ಪೂರ್ತಿ ಹಾಕ್ತೀನಿ. ಗೆದ್ವೋ ಸೋತ್ವೋ, ಮ್ಯಾಲ ಇರತೈತಿ. ನೀವೂ ಹಂಗ ಹಾಕ್ರಿ. ಕ್ರಾಪ್ ಮಾಡಿದ್ದು ಕಂಡ್ರ ಕಮೆಂಟ್‌ನ್ಯಾಗ ಒಂದ ಪ್ರಶ್ನೆ ಕೇಳ್ರಿ: "ಹಿಲ್ ಒಳಗ ಎಷ್ಟು ಸೆಕೆಂಡ್ ಇದ್ದಿ?"

ಹಿಂದಿನ ಸೀಟಿನ ದೋಸ್ತಾ, ನೀ ಇದನ್ನ ಓದಾಕತ್ತಿದ್ರ: ಗ್ರೂಪ್‌ನ್ಯಾಗ ಎಲ್ಲಾರ ಮುಂದ ನಕ್ಕಿದ್ದೆ, ಎಲ್ಲಾರ ಮುಂದನ ಹೇಳ್ತೀನಿ. ತಪ್ಪು ನಂದು. ನಾಳೆ ಬಸ್ಸಿನ್ಯಾಗ ನಾನ ಹಿಂದ ಬರ್ತೀನಿ, ಜಾಗ ಹಿಡದಿರು. ಮತ್ತ ಆಡೂದು ಬಿಡೂದು ನಿನಗ ಬಿಟ್ಟದ್ದು. ಬಂದಿ ಅಂದ್ರ ನೀ ಕರದಾಗ ಒಳಗ ಬರ್ತೀನಿ.

#ಹಿಲ್‌ಒಳಗಬರ್ರಿ #ಕಣಗಲಾಹುಡುಗೂರು #ಕ್ರಾಪ್‌ಮಾಡಬ್ಯಾಡ್ರಿ