ಯಾವ ಕೇಬಲಿನಲ್ಲಿ ಹೋಯಿತೆಂದು ಸ್ವಿಚ್ಚೇ ಹೇಳಬೇಕು

ಒಂದೇ ಕಚೇರಿಯಲ್ಲಿ ಒಬ್ಬರಿಗೆ ಸಲೀಸಾಗಿ ತೆರೆದುಕೊಳ್ಳುವ ವೆಬ್‌ಸೈಟು ಪಕ್ಕದ ಮೇಜಿನವರಿಗೆ ಸುತ್ತುತ್ತಲೇ ಇರುತ್ತದೆ. ದೂರು ಕೊಟ್ಟರೆ ‘ಪಿಂಗ್ ಬರ್ತಿದೆಯಲ್ರೀ, ನೆಟ್‌ವರ್ಕ್ ಸರಿಯಾಗೇ ಇದೆ’ ಎಂದು ಎಂಜಿನಿಯರ್ ಉತ್ತರಿಸುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ದೊಡ್ಡ ಜಾಲಗಳಲ್ಲಿ ಎರಡು ಸ್ವಿಚ್‌ಗಳ ನಡುವೆ ನಾಲ್ಕೋ ಎಂಟೋ ಕೇಬಲುಗಳನ್ನು ಕಟ್ಟಿ ಒಂದೇ ದಾರಿಯೆಂಬಂತೆ ಬಳಸುತ್ತಾರೆ; 2000ದಲ್ಲೇ ಐಇಇಇ ಇದಕ್ಕೆ 802.3ಎಡಿ ಎಂಬ ಮಾನದಂಡ ರೂಪಿಸಿತು. ಒಂದು ಸಂಪರ್ಕಕ್ಕೆ ಸೇರಿದ ಪ್ಯಾಕೆಟ್‌ಗಳೆಲ್ಲ ಒಂದೇ ಕೇಬಲಿನಲ್ಲಿ ಹೋಗುತ್ತವೆ. ಹಾಗಾಗಿ ನಾಲ್ಕರಲ್ಲಿ ಒಂದು ಕೇಬಲು ಪೂರ್ತಿ ಸಾಯದೆ ಆಗಾಗ ಪ್ಯಾಕೆಟ್ ನುಂಗತೊಡಗಿದರೆ, ಆ ಕೇಬಲು ಪಾಲಿಗೆ ಬಂದವರಿಗಷ್ಟೇ ತೊಂದರೆ. ಎಂಜಿನಿಯರ್ ಕೊಟ್ಟ ಪಿಂಗ್ ಬೇರೆ ಕೇಬಲಿನಲ್ಲಿ ಹೋಗಿ ಬಂದಿರುತ್ತದೆ. ಈ ಬಳಕೆದಾರನ ಮಾಹಿತಿ ಯಾವ ಕೇಬಲಿನಲ್ಲಿ ಹೋಯಿತು ಎಂದು ಕೇಳಿದರೆ ಸ್ವಿಚ್ ಉತ್ತರಿಸಲೇಬೇಕು. ಉತ್ತರಿಸದ ಸ್ವಿಚ್ಚನ್ನು ಸಾರ್ವಜನಿಕ ಹಣದಲ್ಲಿ ಕೊಳ್ಳಬಾರದು ಎಂಬುದು ನನ್ನ ವಾದ.

ಸ್ವಿಚ್‌ಗೆ ಇದೇನೂ ಗೊತ್ತಿಲ್ಲದ ಸಂಗತಿಯಲ್ಲ. ಕಳಿಸುವವರ, ಪಡೆಯುವವರ ವಿಳಾಸ ಮತ್ತು ಪೋರ್ಟ್ ಸಂಖ್ಯೆಗಳನ್ನು ಹ್ಯಾಶ್ ಎಂಬ ಲೆಕ್ಕಕ್ಕೆ ಹಾಕಿ, ಬಂದ ಉತ್ತರದ ಮೇಲೆ ಅದು ಕೇಬಲು ಆರಿಸುತ್ತದೆ. ತೀರ ಸರಳ ವಿಧಾನದಲ್ಲಿ ಐಪಿ ವಿಳಾಸಗಳ ಕೊನೆಯ ಬಿಟ್‌ಗಳನ್ನಷ್ಟೇ ಹೋಲಿಸುತ್ತಾರೆ. 10.1.1.20ರಿಂದ 10.1.1.33ಕ್ಕೆ ಹೋಗುವಾಗ ಕೊನೆಯ ಎರಡು ಬಿಟ್ 00 ಮತ್ತು 01. ಎಕ್ಸ್‌ಓಆರ್ ಮಾಡಿದರೆ, ಅಂದರೆ ಬಿಟ್‌ಗಳು ಬೇರೆಯಾದಲ್ಲಿ 1, ಒಂದೇ ಆದಲ್ಲಿ 0 ಬರೆದರೆ, 01. ಅದೇ ಯಂತ್ರ 10.1.1.34ಕ್ಕೆ ಕಳಿಸಿದರೆ 10, ಅಂದರೆ ಬೇರೆ ಕೇಬಲು. ಹೀಗೆ ಐಪಿಯನ್ನು ಮಾತ್ರ ನೋಡುವ ಕಡೆ ಬಳಕೆದಾರ ಎಷ್ಟು ಸಲ ಪ್ರಯತ್ನಿಸಿದರೂ ಅದೇ ಕೆಟ್ಟ ಕೇಬಲೇ ಗತಿ. ಪೋರ್ಟನ್ನೂ ಲೆಕ್ಕಕ್ಕೆ ಸೇರಿಸುವ ಕಡೆ ಮರುಪ್ರಯತ್ನಕ್ಕೆ ಹೊಸ ಪೋರ್ಟ್ ಸಿಕ್ಕಿ ದಾರಿ ಬದಲಾಗಬಹುದು. ‘ಈಗ ಸರಿಹೋಯ್ತಲ್ಲ’ ಎಂದು ದೂರು ಮುಚ್ಚಿಹೋಗುವುದು ಇಲ್ಲೇ. ಇನ್ನೊಂದು ತೊಡಕೂ ಇದೆ: ಎರಡು ತುದಿಗಳ ಸ್ವಿಚ್‌ಗಳು ತಂತಮ್ಮ ಲೆಕ್ಕ ತಾವೇ ಮಾಡುವುದರಿಂದ ಹೋದ ದಾರಿಯಲ್ಲೇ ಉತ್ತರ ವಾಪಸ್ ಬರುತ್ತದೆಂಬ ಖಾತ್ರಿಯಿಲ್ಲ. ಎರಡೂ ಕಡೆ ಕೇಳಬೇಕು.

ಒಂದೊಂದೇ ಕೇಬಲು ಕಿತ್ತು ನೋಡಿದರಾಯಿತು, ಇದಕ್ಕೆ ಬೇರೆ ಸೌಲಭ್ಯ ಯಾಕೆ ಎನ್ನುವವರಿದ್ದಾರೆ. ಒಂದನ್ನು ಕಿತ್ತ ಕೂಡಲೇ ಉಳಿದ ಮೂರಕ್ಕೆ ಹೊಸ ಹಂಚಿಕೆಯಾಗುತ್ತದೆ, ಎಷ್ಟೋ ಸಂಪರ್ಕಗಳು ಜಾಗ ಬದಲಿಸುತ್ತವೆ. ಹುಡುಕುತ್ತಿದ್ದ ಸಾಕ್ಷ್ಯವನ್ನು ನಾವೇ ಅಳಿಸಿದಂತಾಯಿತು. ಪ್ಯಾಕೆಟ್‌ಗಳನ್ನು ಸರದಿಯಂತೆ ಎಲ್ಲ ಕೇಬಲಿಗೂ ಹಂಚಿ ಎಂಬ ಸಲಹೆಯೂ ಪೂರ್ತಿ ನಿಲ್ಲುವುದಿಲ್ಲ. ಹಾಗೆ ಹಂಚಿದರೆ ಪ್ಯಾಕೆಟ್‌ಗಳು ಹಿಂದುಮುಂದಾಗಿ ತಲುಪುತ್ತವೆ, ಟಿಸಿಪಿ ಅದನ್ನು ನಷ್ಟವೆಂದೇ ಬಗೆದು ವೇಗ ತಗ್ಗಿಸುತ್ತದೆ.

ಗಟ್ಟಿಯಾದ ಆಕ್ಷೇಪ ಭದ್ರತೆಯದು. ಲೆಕ್ಕದ ಗುಟ್ಟು ಹೊರಬಿದ್ದರೆ ದುರುಳರು ಬೇಕೆಂದೇ ಒಂದೇ ಕೇಬಲಿಗೆ ದಟ್ಟಣೆ ತುಂಬಬಹುದು. ಈ ಭಯ ಸುಳ್ಳಲ್ಲ. ಆದರೆ ಸೂತ್ರ ಬಯಲಾಗಿದ್ದರೂ ಅದಕ್ಕೆ ಸೇರಿಸುವ ಬೀಜಸಂಖ್ಯೆಯನ್ನು ಗುಟ್ಟಾಗಿಡಬಹುದು. ಪ್ರಶ್ನೆ ಕೇಳುವ ಹಕ್ಕನ್ನು ಆಡಳಿತಗಾರರಿಗಷ್ಟೇ ಕೊಡಬಹುದು. ಲಿನಕ್ಸ್‌ನ ಬಾಂಡಿಂಗ್ ವ್ಯವಸ್ಥೆ ತನ್ನ ಸೂತ್ರವನ್ನು ಕೈಪಿಡಿಯಲ್ಲೇ ಬರೆದಿಟ್ಟಿದೆ. ಸಿಸ್ಕೊದ ಹಲವು ಸ್ವಿಚ್‌ಗಳಲ್ಲಿ ‘ಟೆಸ್ಟ್ ಈಥರ್‌ಚಾನೆಲ್ ಲೋಡ್-ಬ್ಯಾಲೆನ್ಸ್’ ಎಂದು ಆದೇಶ ಕೊಟ್ಟು ಎರಡು ವಿಳಾಸ ಬರೆದರೆ ಕೇಬಲು ಸಿಕ್ಕಿಸಿದ ಪೋರ್ಟಿನ ಹೆಸರು ಬರುತ್ತದೆ. ಸಾಧ್ಯವೇ ಇಲ್ಲವೆಂದು ಯಾವ ತಯಾರಕರೂ ಹೇಳುವಂತಿಲ್ಲ. ದಟ್ಟಣೆ ನೋಡಿ ಕ್ಷಣಕ್ಷಣಕ್ಕೂ ದಾರಿ ಬದಲಿಸುವ ಹೊಸ ಸ್ವಿಚ್‌ಗಳಲ್ಲಿ ಮಾತ್ರ ಇಂಥ ಉತ್ತರ ಕೇಳಿದ ಗಳಿಗೆಗೇ ಹಳತಾಗುತ್ತದೆ. ಅಲ್ಲಿ ಕೇಳಬೇಕಾದ್ದು ಬದಲಾವಣೆಗಳ ದಾಖಲೆಯನ್ನು. ಆಸ್ಪತ್ರೆ, ಬ್ಯಾಂಕು, ಸರ್ಕಾರಿ ಡೇಟಾ ಸೆಂಟರ್‌ಗಳ ಟೆಂಡರ್‌ನಲ್ಲಿ ವೇಗಕ್ಕೆ, ಪೋರ್ಟುಗಳ ಸಂಖ್ಯೆಗೆ ಷರತ್ತು ಇದ್ದೇ ಇರುತ್ತದೆ. ಅದರ ಕೆಳಗೆ ಕೇಬಲು ಯಾವುದೆಂದು ಹೇಳುವ ಈ ಸೌಲಭ್ಯಕ್ಕೂ ಒಂದು ಸಾಲು ಸೇರಿಸಿ, ಸ್ವಿಚ್ ಒಪ್ಪಿಸಿಕೊಳ್ಳುವ ದಿನವೇ ಎರಡು ವಿಳಾಸ ಕೊಟ್ಟು ಪರೀಕ್ಷಿಸಿ, ಆಮೇಲೆ ಬಿಲ್ಲಿಗೆ ಸಹಿ ಹಾಕಲಿ.